24 ಭಾಷೆಗಳ ಒಕ್ಕೂಟ, ಒಂದೇ ಭಾಷೆಯ ಆಡಳಿತ

ಬ್ರಿಟನ್ 2020ರ ಜನವರಿ 31ರಂದು ಯುರೋಪಿಯನ್ ಒಕ್ಕೂಟವನ್ನು ತೊರೆಯಿತು. ಅದರ ಭಾಷೆ ಮಾತ್ರ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಲ್ಲೇ ಉಳಿಯಿತು. ಒಕ್ಕೂಟದ ಸುಮಾರು 45 ಕೋಟಿ ಪ್ರಜೆಗಳಲ್ಲಿ ಇಂಗ್ಲಿಷ್ ಮನೆಮಾತಾಗಿರುವವರ ಪ್ರಮಾಣ ಇಂದು ಅತ್ಯಲ್ಪ, ಅವರಲ್ಲಿ ಬಹುಪಾಲು ಐರ್ಲೆಂಡಿನವರು. ಆ ಐರ್ಲೆಂಡ್ ಕೂಡ ತನ್ನ ಭಾಷೆಯೆಂದು ಒಕ್ಕೂಟದ ಮುಂದಿಟ್ಟದ್ದು ಐರಿಷನ್ನು; ಮಾಲ್ಟಾ ಮುಂದಿಟ್ಟದ್ದು ಮಾಲ್ಟೀಸನ್ನು. ಇಂಗ್ಲಿಷಿನ ಮಹತ್ವ ನಿಧಾನವಾಗಿ, ನಿಶ್ಚಿತವಾಗಿ ಕುಗ್ಗುತ್ತಿದೆ ಎಂದು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗದ ಅಂದಿನ ಅಧ್ಯಕ್ಷ ಝಾನ್-ಕ್ಲೋಡ್ ಯುಂಕರ್ 2017ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಘೋಷಿಸಿದ್ದರು. ಹಾಗಾಗಲಿಲ್ಲ. ಆಯೋಗದ ಕಡತಗಳು ಸಿದ್ಧವಾಗುವುದೂ, ರಾಜತಾಂತ್ರಿಕರು ಪದಪದಕ್ಕೂ ಚೌಕಾಸಿ ಮಾಡುವುದೂ ಈಗ ಬಹುತೇಕ ಇಂಗ್ಲಿಷಿನಲ್ಲೇ.

ಇಂಗ್ಲಿಷಿನ ಬಳಕೆಯನ್ನೇ ದೋಷವೆಂದು ಈ ಪತ್ರಿಕೆ ಎಣಿಸುವುದಿಲ್ಲ. ಎಸ್ಟೋನಿಯಾದ ಪ್ರತಿನಿಧಿಯೂ ಪೋರ್ಚುಗಲ್‌ನ ಪ್ರತಿನಿಧಿಯೂ ಎದುರುಬದುರು ಕುಳಿತಾಗ ಇಬ್ಬರಿಗೂ ತಿಳಿದ ಒಂದು ಮಾತು ಬೇಕೇ ಬೇಕು. 2004ರಲ್ಲಿ ಹತ್ತು ರಾಷ್ಟ್ರಗಳು ಒಟ್ಟಿಗೆ ಒಕ್ಕೂಟವನ್ನು ಸೇರಿದಾಗ, ಅವುಗಳ ಅಧಿಕಾರಿಗಳು ಹೊತ್ತು ತಂದ ಸಾಮಾನ್ಯ ಭಾಷೆ ಫ್ರೆಂಚ್ ಆಗಿರಲಿಲ್ಲ, ಇಂಗ್ಲಿಷ್ ಆಗಿತ್ತು. ಯುರೋಪಿಗೆ ಇಂಗ್ಲಿಷ್ ಸಂಪರ್ಕ ಭಾಷೆಯಾಗಲಿ, ಜತೆಗೆ ಪ್ರತಿಯೊಬ್ಬರೂ ತಮ್ಮ ನುಡಿಯನ್ನು ಉಳಿಸಿಕೊಳ್ಳಲಿ ಎಂದು ಜರ್ಮನಿಯ ಅಧ್ಯಕ್ಷರಾಗಿದ್ದ ಯೋಆಖಿಮ್ ಗೌಕ್ 2013ರಲ್ಲಿ ಬಹಿರಂಗವಾಗಿ ಪ್ರತಿಪಾದಿಸಿದರು. ಆ ಅಭಿಪ್ರಾಯವನ್ನು ಒಪ್ಪದವರೂ ಅದರ ಪ್ರಾಮಾಣಿಕತೆಯನ್ನು ಗೌರವಿಸಬೇಕು, ಏಕೆಂದರೆ ಅಧಿಕಾರಸ್ಥಾನದಲ್ಲಿದ್ದ ಉಳಿದ ಬಹಳಷ್ಟು ಮಂದಿ ಅದೇ ಹಾದಿಯಲ್ಲಿ ನಡೆಯುತ್ತಲೇ ಹಾಗೆ ನಡೆಯುತ್ತಿರುವುದನ್ನು ಒಪ್ಪಿಕೊಳ್ಳಲು ಹಿಂಜರಿದರು. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಒಂದು ಭೂಖಂಡದ ಆಡಳಿತಭಾಷೆಯನ್ನು ಯಾವ ಜನಪ್ರತಿನಿಧಿ ಸಭೆಯೂ ಚರ್ಚಿಸಿ ತೀರ್ಮಾನಿಸಲಿಲ್ಲ; ರೂಢಿಯೇ ತೀರ್ಮಾನಿಸಿತು.

ಕಾನೂನು ಹೇಳುವುದೇ ಬೇರೆ. 1958ರ ಮೊದಲನೆಯ ನಿಯಮಾವಳಿ ಆಗಿನ ಆರು ರಾಷ್ಟ್ರಗಳ ನಾಲ್ಕು ಭಾಷೆಗಳಿಗೆ ಸಮಾನ ಸ್ಥಾನ ನೀಡಿತು. ಅದೇ ನಿಯಮಾವಳಿಯಡಿ ಇಂದು 24 ಭಾಷೆಗಳು ಅಧಿಕೃತ. ಅದನ್ನು ಬದಲಿಸಲು ಸದಸ್ಯ ರಾಷ್ಟ್ರಗಳ ಸರ್ವಾನುಮತ ಬೇಕು. ಒಕ್ಕೂಟದ ಸಂಸ್ಥೆಗಳಿಗೆ ತನ್ನ ಭಾಷೆಯಲ್ಲಿ ಪತ್ರ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಒಕ್ಕೂಟದ ಮೂಲ ಒಪ್ಪಂದವೇ ಪ್ರಜೆಗೆ ಕೊಟ್ಟಿದೆ. ಯಾವ ಸಂದರ್ಭದಲ್ಲಿ ಯಾವ ಭಾಷೆ ಎಂಬುದನ್ನು ಸಂಸ್ಥೆಗಳು ತಮ್ಮ ಕಾರ್ಯವಿಧಾನದ ನಿಯಮಗಳಲ್ಲಿ ನಿಗದಿಪಡಿಸಿಕೊಳ್ಳುವುದಕ್ಕೂ ಅವಕಾಶವಿದೆ. ಆ ಅವಕಾಶವನ್ನು ಅವು ಹೇಗೆ ಬಳಸಿದವು ಎಂಬುದು 2012ರ ನವೆಂಬರಿನಲ್ಲಿ ಬಯಲಾಯಿತು. ನೇಮಕಾತಿ ಪರೀಕ್ಷೆಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಿಗೆ ಸೀಮಿತಗೊಳಿಸಿದ್ದರ ವಿರುದ್ಧ ಇಟಲಿ ಹೂಡಿದ್ದ ಮೊಕದ್ದಮೆಯಲ್ಲಿ, ಸಂಬಂಧಪಟ್ಟ ಸಂಸ್ಥೆಗಳು ಅಂಥ ನಿಯಮಗಳನ್ನು ರೂಪಿಸಿಯೇ ಇಲ್ಲವೆಂದು ಒಕ್ಕೂಟದ ನ್ಯಾಯಾಲಯ ಗುರುತಿಸಿತು, ಆ ಅಧಿಸೂಚನೆಗಳನ್ನು ರದ್ದುಗೊಳಿಸಿತು. ಇಷ್ಟಾದ ಮೇಲೂ ರಕ್ಷಣಾ ಉದ್ಯಮ ಮತ್ತು ಬಾಹ್ಯಾಕಾಶ ಕ್ಷೇತ್ರದ ಹುದ್ದೆಗಳಿಗೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ನಡೆಸುವ ಯತ್ನವಾಯಿತು. ಫ್ರಾನ್ಸ್ ಪ್ರಶ್ನಿಸಿತು; 2024ರಲ್ಲಿ ಅದೂ ರದ್ದಾಯಿತು.

ನೇಮಕಾತಿಗಿಂತ ಗಂಭೀರವಾದದ್ದು ಶಾಸನರಚನೆ. ಅಂತಿಮವಾಗಿ ಪ್ರಕಟವಾಗುವ ಕಾನೂನು 24 ಭಾಷೆಗಳಲ್ಲಿಯೂ ಸಮಾನವಾಗಿ ಅಧಿಕೃತ, ಆ ಕೆಲಸಕ್ಕಾಗಿ ದುಡಿಯುವ ಅನುವಾದಕರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಪ್ರಜೆಯ ಆಕ್ಷೇಪಕ್ಕೆ ಬೆಲೆಯಿರುವುದು ಕಾನೂನು ಕರಡಾಗಿರುವಾಗ. 1990ರ ದಶಕದ ಉತ್ತರಾರ್ಧದಲ್ಲಿ ಆಯೋಗದ ಅನುವಾದ ವಿಭಾಗಕ್ಕೆ ಬರುತ್ತಿದ್ದ ಮೂಲ ಕಡತಗಳಲ್ಲಿ ಇಂಗ್ಲಿಷ್ ಮತ್ತು ಫ್ರೆಂಚಿನ ಪಾಲು ಹೆಚ್ಚುಕಡಿಮೆ ಸಮಸಮನಾಗಿತ್ತು. ಎರಡು ದಶಕ ಕಳೆಯುವಷ್ಟರಲ್ಲಿ ಇಂಗ್ಲಿಷಿನ ಪಾಲು ಶೇ 80 ದಾಟಿತ್ತು. ಆಯೋಗ, ಯುರೋಪಿಯನ್ ಸಂಸತ್ತು, ಸದಸ್ಯ ಸರ್ಕಾರಗಳ ಮಂತ್ರಿಪರಿಷತ್ತುಗಳ ನಡುವೆ ಮುಚ್ಚಿದ ಬಾಗಿಲ ಹಿಂದೆ ನಡೆಯುವ ತ್ರಿಪಕ್ಷೀಯ ಮಾತುಕತೆಗಳಲ್ಲಿ ಎಲ್ಲರ ಮುಂದಿರುವ ಕರಡೂ ಸಾಮಾನ್ಯವಾಗಿ ಇಂಗ್ಲಿಷಿನದೇ. ಅಲ್ಲಿ ರಾಜಿ ಕುದುರಿದ ಮೇಲೆ ಬರುವ ಅನುವಾದ ಪ್ರಜೆಗೆ ಆಗಿಹೋದ ನಿರ್ಧಾರವನ್ನು ತಿಳಿಸಬಲ್ಲದು, ನಿರ್ಧಾರದಲ್ಲಿ ಪಾಲು ಕೊಡಲಾರದು. ಸಾರ್ವಜನಿಕ ಅಭಿಪ್ರಾಯ ಸಂಗ್ರಹದ ದಾಖಲೆಗಳು ಎಲ್ಲ ಅಧಿಕೃತ ಭಾಷೆಗಳಲ್ಲಿ ದೊರೆಯಬೇಕೆಂದು ಯುರೋಪಿಯನ್ ಸಂಸತ್ತೇ 2012ರಲ್ಲಿ ನಿರ್ಣಯ ಅಂಗೀಕರಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಗ್ರೀಸ್ ಸಾಕ್ಷಿ. 2015ರ ಜುಲೈ 5ರಂದು, ಸಾಲದ ಬಿಕ್ಕಟ್ಟಿನಲ್ಲಿದ್ದ ಆ ದೇಶದ ಜನ, ಸಾಲದಾತರ ಷರತ್ತುಗಳನ್ನು ಒಪ್ಪಬೇಕೇ ಬೇಡವೇ ಎಂದು ಹೇಳಲು ಮತಗಟ್ಟೆಗೆ ಹೋದರು. ಅವರ ಕೈಗೆ ಬಂದ ಮತಪತ್ರ ಎರಡು ದಾಖಲೆಗಳನ್ನು ಹೆಸರಿಸಿತ್ತು. ಹತ್ತು ದಿನಗಳ ಹಿಂದಷ್ಟೇ ಯೂರೊ ವಲಯದ ಹಣಕಾಸು ಸಚಿವರ ಸಭೆಯಲ್ಲಿ ಮಂಡನೆಯಾಗಿದ್ದ ಅವು ಇಂಗ್ಲಿಷಿನಲ್ಲಿದ್ದವು. ಮತಪತ್ರದಲ್ಲಿ ಅವುಗಳ ಶೀರ್ಷಿಕೆಗಳೂ ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು, ಗ್ರೀಕ್ ಅನುವಾದ ಆವರಣ ಚಿಹ್ನೆಯೊಳಗಿತ್ತು. ಪಿಂಚಣಿ ಕಡಿತಗೊಂಡ ವೃದ್ಧರಿಗೂ ಕೆಲಸ ಕಳೆದುಕೊಂಡ ಕಾರ್ಮಿಕರಿಗೂ ತಮ್ಮ ಬದುಕಿನ ಪ್ರಶ್ನೆ ತಮ್ಮದೇ ದೇಶದ ಮತಪತ್ರದಲ್ಲಿ ಪರಭಾಷೆಯ ಶೀರ್ಷಿಕೆ ಹೊತ್ತು ಬಂದಿತ್ತು. ಶೇ 61ರಷ್ಟು ಮತಗಳು ‘ಬೇಡ’ ಎಂದವು. ವಾರ ಕಳೆಯುವಷ್ಟರಲ್ಲಿ ಅವರ ಸರ್ಕಾರ ಇನ್ನೂ ಕಠಿಣವಾದ ಷರತ್ತುಗಳಿಗೆ ಒಪ್ಪಿಗೆ ನೀಡಿತು. ಈ ವಿಪರ್ಯಾಸಕ್ಕೆ ಭಾಷೆಯೊಂದೇ ಕಾರಣವಲ್ಲ, ನಿಜ. ಆದರೆ ಅಧಿಕಾರ ತನ್ನಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ಗ್ರೀಕ್ ಮತದಾರ ಆ ಒಂದು ಹಾಳೆಯಲ್ಲೇ ಓದಿಕೊಂಡಿರಬೇಕು.

ಒಕ್ಕೂಟದ್ದೇ ಯುರೋಬ್ಯಾರೊಮೀಟರ್ ಸಮೀಕ್ಷೆಯ ಪ್ರಕಾರ, ಇಂಗ್ಲಿಷಿನಲ್ಲಿ ಸಂಭಾಷಿಸಬಲ್ಲ ಪರಭಾಷಿಕರು 2012ರಲ್ಲಿ ಶೇ 38ರಷ್ಟಿದ್ದರು, 2024ರ ವೇಳೆಗೆ ಶೇ 47ಕ್ಕೆ ಏರಿದರು. ಏರಿಕೆ ಗಣನೀಯವೇ. ಆದರೂ ಅರ್ಧದಷ್ಟು ಜನ ಹೊರಗೇ ಉಳಿದರು. ಸಂಭಾಷಣೆ ನಡೆಸಬಲ್ಲವರೆಲ್ಲ ಬ್ಯಾಂಕಿಂಗ್ ನಿಯಮಾವಳಿಯ ಕರಡನ್ನೋ ಕೃಷಿ ಸಹಾಯಧನದ ಷರತ್ತುಗಳನ್ನೋ ಓದಿ ಆಕ್ಷೇಪಣೆ ಬರೆಯಬಲ್ಲರು ಎಂದೇನಲ್ಲ. ಹಾಗೆ ಬರೆಯಬಲ್ಲವರು ಬಹುಮಟ್ಟಿಗೆ ನಗರವಾಸಿಗಳು, ಉನ್ನತ ಶಿಕ್ಷಣ ಪಡೆದವರು, ಬ್ರಸೆಲ್ಸ್‌ನಲ್ಲಿ ಕಚೇರಿ ತೆರೆದು ಕುಳಿತ ಉದ್ಯಮ ಒಕ್ಕೂಟಗಳು. ಬ್ರಸೆಲ್ಸ್ ಎಂದರೆ ಪರರ ಆಳ್ವಿಕೆ ಎಂದು ಊರೂರಿನಲ್ಲಿ ಪ್ರಚಾರ ಮಾಡುವ ಪಕ್ಷಗಳು ಆ ಮಾತನ್ನು ಜನರ ಭಾಷೆಯಲ್ಲೇ ಹೇಳುತ್ತವೆ. ಒಕ್ಕೂಟದ ಸಮರ್ಥನೆ ಮಾತ್ರ ತಡವಾಗಿ, ಅನುವಾದಗೊಂಡು ಬರುತ್ತದೆ.

ಹೊಣೆ ಆಯೋಗದ ಅಧಿಕಾರಿಗಳದ್ದು ಮಾತ್ರವಲ್ಲ. ಅದರ ಬಹುಭಾಗವನ್ನು ಸದಸ್ಯ ಸರ್ಕಾರಗಳೇ ಹೊರಬೇಕು. 2006ರ ಬ್ರಸೆಲ್ಸ್ ಶೃಂಗಸಭೆಯಲ್ಲಿ ಸ್ವದೇಶದ ಉದ್ಯಮ ನಾಯಕರೊಬ್ಬರು ಇಂಗ್ಲಿಷಿನಲ್ಲಿ ಮಾತನಾಡಲು ತೊಡಗಿದಾಗ ಫ್ರಾನ್ಸ್ ಅಧ್ಯಕ್ಷ ಝಾಕ್ ಶಿರಾಕ್ ಎದ್ದು ಹೊರನಡೆದರು. ಆ ಪ್ರತಿಭಟನೆ ಫ್ರೆಂಚಿನ ಮಾನಕ್ಕಾಗಿ ನಡೆದದ್ದು. ಲಾಟ್ವಿಯನ್ ಅಥವಾ ಸ್ಲೊವೀನ್ ಮಾತನಾಡುವವರ ಹಕ್ಕಿಗಾಗಿ ಅಂಥ ಸಭೆಗಳಿಂದ ಯಾವ ದೊಡ್ಡ ರಾಷ್ಟ್ರದ ನಾಯಕರು ಎದ್ದು ನಡೆದದ್ದುಂಟು? ಕ್ಯಾಟಲನ್, ಬಾಸ್ಕ್, ಗ್ಯಾಲಿಷಿಯನ್ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಡಿ ಎಂದು ಸ್ಪೇನ್ 2023ರಲ್ಲಿ ಕೋರಿದಾಗ, ವೆಚ್ಚವನ್ನು ತಾನೇ ಭರಿಸುವುದಾಗಿ ಹೇಳಿದರೂ ಒಮ್ಮತ ಮೂಡಲಿಲ್ಲ. ಮಂತ್ರಿಗಳು ಬ್ರಸೆಲ್ಸ್‌ನಲ್ಲಿ ಇಂಗ್ಲಿಷಿನ ಕರಡಿಗೆ ಸಮ್ಮತಿ ನೀಡಿ, ತವರಿಗೆ ಮರಳಿ ಅದೇ ನಿರ್ಧಾರಕ್ಕೆ ಬ್ರಸೆಲ್ಸನ್ನು ಸ್ವಭಾಷೆಯಲ್ಲಿ ದೂಷಿಸುವ ಪರಿಪಾಠವೂ ಹೊಸದಲ್ಲ. ಜನರಿಗೆ ಮೂಲ ಕಡತ ಓದಲು ಸಿಗದಿರುವವರೆಗೆ ಇಂಥವರು ಉತ್ತರ ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ.

ವೆಚ್ಚದ ನೆಪ ನಿಲ್ಲುವಂಥದ್ದಲ್ಲ. ಒಕ್ಕೂಟದ ಸಂಸ್ಥೆಗಳ ಅನುವಾದ ಮತ್ತು ದುಭಾಷಿ ಸೇವೆಗಳಿಗೆ ತಗಲುವುದು ವರ್ಷಕ್ಕೆ ಸುಮಾರು 100 ಕೋಟಿ ಯೂರೊ, ಅಂದರೆ ಬಜೆಟ್ಟಿನ ಶೇ 1ಕ್ಕಿಂತ ಕಡಿಮೆ; ತಲಾ ಲೆಕ್ಕದಲ್ಲಿ ಎರಡು ಯೂರೊ ಆಸುಪಾಸು. ಸಂಸತ್ತಿನಲ್ಲಿ ಸದಸ್ಯರು 24 ಭಾಷೆಗಳಲ್ಲಿಯೂ ಮಾತನಾಡಲು ಸಾಧ್ಯವಾಗಿರುವುದು ಈ ಹಣದಿಂದಲೇ.

ಅಧಿಕಾರಿಗಳು ತಮ್ಮೊಳಗೆ ಇಂಗ್ಲಿಷಿನಲ್ಲಿ ವ್ಯವಹರಿಸಲಿ, ಅದನ್ನು ನಿಯಮವಾಗಿ ಬರೆದು ಪ್ರಕಟಿಸಲಿ. ಆದರೆ ಪ್ರಜೆಯನ್ನು ಬಾಧಿಸುವ ಪ್ರತಿಯೊಂದು ಕರಡೂ, ಬದಲಾವಣೆಗೆ ಇನ್ನೂ ಅವಕಾಶವಿರುವ ಹಂತದಲ್ಲೇ, ಎಲ್ಲ 24 ಭಾಷೆಗಳಲ್ಲಿ ಅವನ ಮುಂದೆ ಬರಬೇಕು. 1958ರಿಂದ ಕಾಗದದ ಮೇಲಿರುವ ಸಮಾನತೆಯನ್ನು ಆಯೋಗವೂ ಮಂತ್ರಿಪರಿಷತ್ತೂ ಸದಸ್ಯ ಸರ್ಕಾರಗಳೂ ಈವರೆಗೆ ಪಾಲಿಸಿಲ್ಲ. ಈ ಕರ್ತವ್ಯಚ್ಯುತಿಗೆ ಇಂಗ್ಲಿಷ್ ಹೊಣೆಯಲ್ಲ, ಅವರೇ ಹೊಣೆ.