ಬಾರುಕೋಲು ಹೆಣೆಯೋದು 'ಕಲೆ' ಅಂತೆ, ಹೆಣೆದವರ ಜಾತಿ ಮಾತ್ರ ಬೈಗುಳ!

ಹೋದ ವಾರ ನಾನೊಂದು ಫೋಟೊ ಹಾಕಿದ್ದೆ. ನನ್ನ ಕೈಯಾರೆ ಹೆಣೆದ ಮೊದಲ ಬಾರುಕೋಲು. ನಾಲ್ಕೆಳೆ ಚರ್ಮದ ಹೆಣಿಗೆ, ಮೂರು ಮೊಳ ಉದ್ದ, ನಡುವೆ ಒಂದು ಕಡೆ ಸೊಟ್ಟ. ನಮ್ಮದೇ ಗೆಳೆಯರು ಬಂದು ಕಾಮೆಂಟ್ ಹಾಕಿದರು. "ಅಣ್ಣಾ, ಬಾಬಾಸಾಹೇಬರು ಬಿಡಿ ಅಂದಿದ್ದನ್ನ ನೀವು ಮತ್ತೆ ಹಿಡ್ಕೊಂಡ್ರಾ?" ಅಂತ ಒಬ್ಬರು. "ಆಫೀಸ್ ಕೆಲಸ ಸಿಕ್ಕಿದ ಮೇಲೂ ಕುಲಕಸುಬು ಬಿಡಲಿಲ್ಲ" ಅಂತ ಇನ್ನೊಬ್ಬರು. ಅದೇ ದಿನ ಮೇಲ್ಜಾತಿಯ ಪರಿಚಿತರೊಬ್ಬರು ಇನ್‌ಬಾಕ್ಸಿಗೆ ಬಂದು, "ವಾವ್ ಸರ್, ಎಂಥಾ ಹೆರಿಟೇಜ್! ಇದನ್ನ ಉಳಿಸಬೇಕು" ಅಂದರು.

ಇಬ್ಬರಿಗೂ ಒಟ್ಟಿಗೇ ಉತ್ತರ ಕೊಡ್ತಿದ್ದೀನಿ. ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ಕಲಿತದ್ದು ಹೇಗೆ ಅಂತ ಹೇಳ್ತೀನಿ. ನನ್ನ ಚಿಕ್ಕಪ್ಪನಿಗೆ ಎಪ್ಪತ್ತು ದಾಟಿದೆ. ನಮ್ಮ ಹಟ್ಟಿಯಲ್ಲಿ ಈ ಹೆಣಿಗೆ ಬರೋದು ಈಗ ಅವರೊಬ್ಬರಿಗೇ. ನಾಲ್ಕು ತಿಂಗಳು ಪ್ರತಿ ಭಾನುವಾರ ಬಸ್ಸು ಹತ್ತಿ ಊರಿಗೆ ಹೋಗಿ ಅವರ ಮುಂದೆ ಕೂತೆ. ಮೊದಲ ತಿಂಗಳು ಹೆಣೆಯೋಕೇ ಬಿಡಲಿಲ್ಲ. ಬರೀ ಕೊಯ್ಯೋದು. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಎಮ್ಮೆ ಚರ್ಮವನ್ನ ದುಂಡಗೆ ಕತ್ತರಿಸಿಕೊಂಡು, ಹೊರಗಿನ ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ಒಳಗೆ ಬರಬೇಕು. ಅಂಗೈಯಗಲದ ತುಂಡಿನಿಂದ ಮಾರುದ್ದದ ಬಾರು ಬರುತ್ತೆ. ರಂಪಿಗೆ ಅಲುಗಾಡಬಾರದು, ಚರ್ಮ ತಿರುಗಬೇಕು. ನಾನು ರಂಪಿಗೆಯನ್ನೇ ತಿರುಗಿಸಿ ಎರಡು ಸಲ ಬೆರಳು ಕೊಯ್ದುಕೊಂಡೆ.

ಆಮೇಲೆ ಬಾರಿನ ಅಂಚು ಹೆರೆಯೋದು. ಇಲ್ಲದಿದ್ದರೆ ಹೆಣಿಗೆ ಉರುಟಾಗಲ್ಲ, ಕೈಗೆ ಚುಚ್ಚುತ್ತೆ. ನೆನೆಸಿ, ಹರಳೆಣ್ಣೆ ಸವರಿ, ಗೂಟಕ್ಕೆ ಕಟ್ಟಿ ಹೆಣೆಯೋದು ಕೊನೆಗೆ. ಹೊರಗಿನ ಎಳೆ ಹಿಂದಿನಿಂದ ಎರಡು ಎಳೆ ದಾಟಿ, ಒಂದರ ಮೇಲೆ ವಾಪಸ್ ಬಂದು ತನ್ನ ಕಡೆಗೇ ಸೇರಬೇಕು. ಒಮ್ಮೆ ಎಡ, ಒಮ್ಮೆ ಬಲ. ಹೇಳೋಕೆ ಇಷ್ಟೇ. ಆದರೆ ನಾಲ್ಕೂ ಎಳೆಗಳ ಬಿಗಿ ಒಂದೇ ಥರ ಇರಬೇಕು. ಹಸಿಯಿದ್ದಾಗ ಎಲ್ಲಾ ಚೆಂದ ಕಾಣುತ್ತೆ, ಒಣಗಿದ ಮೇಲೆ ಎಲ್ಲಿ ಕೈ ಸಡಿಲ ಬಿಟ್ಟಿದ್ದೆ ಅಂತ ಅದೇ ತೋರಿಸುತ್ತೆ. ನನ್ನ ಫೋಟೊದಲ್ಲಿದ್ದ ಸೊಟ್ಟ ಅದೇ. ಮೂರು ಸಲ ಬಿಚ್ಚಿಸಿದರು ಚಿಕ್ಕಪ್ಪ. "ಫೈಲು ಕಟ್ಟಿದಂಗೆ ಕಟ್ಬೇಡ ಕಣಪ್ಪ, ಕೈ ಏನ್ ಹೇಳ್ತದೆ ಕೇಳು" ಅಂದರು.

ಬಾರು ಹಿಡಿಯ ಕಡೆ ದಪ್ಪ, ತುದಿಗೆ ಹೋಗ್ತಾ ಸಣ್ಣ ಆಗಬೇಕು. ಯಾಕೆ ಗೊತ್ತಾ? ಚಾಟಿ ಬೀಸಿದಾಗ ಆ ಅಲೆ ಸಣ್ಣ ತುದಿಯ ಕಡೆಗೆ ಓಡುತ್ತಾ ವೇಗ ಹೆಚ್ಚಿಸಿಕೊಳ್ಳುತ್ತೆ, ಕೊನೆಗೆ ಶಬ್ದದ ವೇಗವನ್ನೇ ದಾಟುತ್ತೆ. ನಾವು ಕೇಳೋ 'ಚಟೀರ್' ಅದರದ್ದು. ವಿಮಾನಕ್ಕಿಂತ ಎಷ್ಟೋ ಮೊದಲೇ ಶಬ್ದದ ವೇಗ ದಾಟಿದ, ಮನುಷ್ಯ ಮಾಡಿದ ವಸ್ತು ಚಾಟಿ. ಯಾವ ಕಡೆ ಎಷ್ಟು ಹೆರೆಯಬೇಕು ಅನ್ನೋದು ಶಾಲೆ ಮೆಟ್ಟಿಲು ಹತ್ತದ ನನ್ನ ತಾತನ ಹೆಬ್ಬೆರಳಿಗೆ ಗೊತ್ತಿತ್ತು. ಇದು ವಿದ್ಯೆ ಅಲ್ವಾ ಸ್ವಾಮಿ? ಹಾಗಾದರೆ ಅದಕ್ಕೆ ಏನು ಕೊಟ್ಟರು?

ಆಯ ಕೊಟ್ಟರು. ವರ್ಷವಿಡೀ ಊರಿನವರಿಗೆ ಕೆರ, ಬಾರುಕೋಲು, ಕಪಿಲೆಗೆ ಚರ್ಮದ ಬಾನಿ, ಮಿಣಿ ಎಲ್ಲಾ ಮಾಡಿಕೊಡಬೇಕು. ಸುಗ್ಗಿಯಲ್ಲಿ ಕಣದ ಹೊರಗೆ ನಿಂತು ಅವರು ಹಾಕಿದಷ್ಟು ಕಾಳು ಸೆರಗೊಡ್ಡಿ ತರಬೇಕು. ಅಳತೆ ಅವರದ್ದು, ಮರ್ಜಿ ಅವರದ್ದು. ನೀರು ಸೇದೋ ಬಾನಿ ನಮ್ಮ ಕೈಯಿಂದ ಆಗಿದ್ದು, ಆ ಬಾವಿ ನೀರು ಮಾತ್ರ ನಾವು ಮುಟ್ಟಂಗಿಲ್ಲ! ಈ ಲೆಕ್ಕ ಯಾವ ಹೆರಿಟೇಜ್ ಮ್ಯೂಸಿಯಮ್ಮಿನಲ್ಲಿ ಬರೆದಿರ್ತಾರೆ?

ನನ್ನ ಅಪ್ಪ ಎಂಟು ಒಂಬತ್ತು ವರ್ಷದವರಿದ್ದಾಗ ಒಂದು ಕಾರಹುಣ್ಣಿಮೆ. ಎತ್ತುಗಳಿಗೆ ಹೊಸ ಬಾರುಕೋಲು ಕೊಡೋದು ತಾತ ಒಂದು ದಿನ ತಡ ಮಾಡಿದರು. ದೊಡ್ಡಮನೆಯವರು "ಹೆಂಗೈತೆ ನೋಡಾಣ" ಅಂತ ಅದನ್ನ ಪರೀಕ್ಷೆ ಮಾಡಿದ್ದು ತಾತನ ಬೆನ್ನ ಮೇಲೆ. ಅವರೇ ಕೊಯ್ದ ಬಾರು, ಅವರೇ ಹೆರೆದ ಅಂಚು, ಅವರದೇ ಬೆನ್ನು. ಅಪ್ಪ ಅವತ್ತಿನಿಂದ ರಂಪಿಗೆ ಮುಟ್ಟಲಿಲ್ಲ. ನನಗೂ ಮುಟ್ಟಲು ಬಿಡಲಿಲ್ಲ. ಪೆನ್ನು ಕೊಡಿಸಿದರು. ಬಿಎ ಮುಗಿಸಿ ಇವತ್ತು ಟೇಬಲ್ಲಿನ ಹಿಂದೆ ಕೂತಿದ್ದೀನಿ ಅಂದರೆ ಅಪ್ಪನ ಆ ಹಟದಿಂದ. ಅದನ್ನ ನಾನು ಮರೆತಿಲ್ಲ ಗೆಳೆಯರೇ.

ಈಗ ಹೆರಿಟೇಜಿನ ಕಥೆ ಕೇಳಿ. ಬೆಂಗಳೂರಿನಲ್ಲಿ ಒಂದು ಕಡೆ ಎರಡು ದಿನದ 'ಚರ್ಮದ ಹೆಣಿಗೆ ಕಾರ್ಯಾಗಾರ' ಮಾಡಿದರು. ತಲೆಗೆ 4,500 ರೂಪಾಯಿ ಶುಲ್ಕ, ಹದಿನೆಂಟು ಜನ. ಚಿಕ್ಕಪ್ಪನನ್ನ ಕರೆದರು, ನಾನೇ ಜೊತೆಗೆ ಹೋದೆ. ಪಾಠ ಮಾಡಿದವರು ಬೇರೆ, ಯೂಟ್ಯೂಬಿನಲ್ಲಿ ಆಸ್ಟ್ರೇಲಿಯಾದ ಕಾಂಗರೂ ಚರ್ಮದ ಚಾಟಿ ನೋಡಿ ಕಲಿತವರು. ಚಿಕ್ಕಪ್ಪ ಮೂಲೆಯಲ್ಲಿ ಚಾಪೆ ಮೇಲೆ, 'ಲೈವ್ ಡೆಮೊ'. ಅಂಗಿ ಬಿಚ್ಚಿ ಟವೆಲ್ ಹಾಕ್ಕೊಳಿ, ಫೋಟೊಗೆ ಚೆನ್ನಾಗಿರುತ್ತೆ ಅಂದರು. ಪೋಸ್ಟರಿನಲ್ಲಿ 'ಅಳಿಯುತ್ತಿರುವ ಗ್ರಾಮೀಣ ಕಲೆ' ಅಂತಿತ್ತು. ಯಾವ ಗ್ರಾಮ, ಗ್ರಾಮದ ಯಾವ ಕೇರಿ, ಯಾರ ಕಲೆ ಅಂತ ಒಂದಕ್ಷರ ಇಲ್ಲ. ಸಂಜೆ ಚಿಕ್ಕಪ್ಪನ ಕೈಗೆ ಊಟದ ಜೊತೆ 600 ರೂಪಾಯಿ. ಒಟ್ಟು ಶುಲ್ಕ 81,000 ಅಂತ ನಾನು ಬಸ್ಸಿನಲ್ಲಿ ಲೆಕ್ಕ ಹಾಕಿ ಹೇಳಿದೆ. ಚಿಕ್ಕಪ್ಪ ನಕ್ಕು, "ಆಯ ಕಣ್ಲಾ ಇದೂ" ಅಂದರು.

ಬೇರೆಯವರು ಕಲೀಬಾರದು ಅಂತ ನಾನು ಹೇಳ್ತಿಲ್ಲ. ಕಲೀಲಿ, ಬ್ರಾಹ್ಮಣರ ಹುಡುಗನೂ ಬಂದು ಹಸಿ ಚರ್ಮ ಮುಟ್ಟಲಿ, ನನಗೆ ಸಂತೋಷವೇ. ಇಂಡಿಯಾನಾ ಜೋನ್ಸ್ ಸಿನಿಮಾದ ಚಾಟಿ ಮಾಡಿದ ಡೇವಿಡ್ ಮಾರ್ಗನ್ ಅನ್ನೋ ಅಮೆರಿಕನ್ನರ ಹೆಸರು ಲೋಕಕ್ಕೆಲ್ಲ ಗೊತ್ತು, ಚಾಟಿ ಹೆಣೆಯೋದರ ಬಗ್ಗೆ ಪುಸ್ತಕವನ್ನೇ ಬರೆದರು. ಅಲ್ಲಿ ಮಾಡಿದವನ ಹೆಸರಿಗೆ ಗೌರವ. ಇಲ್ಲಿ ಮಾಡಿದವನ ಜಾತಿಯ ಹೆಸರೇ ಬೈಗುಳ. ಕಲಾವಿದನನ್ನ ಬಿಟ್ಟು ಕಲೆ ಮಾತ್ರ ಬೇಕು ಅಂದರೆ ಅದು ಉಳಿಸೋದಲ್ಲ, ಸುಲಿಯೋದು.

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಕೊಲ್ಹಾಪುರಿ ಥರದ ಚಪ್ಪಲಿ ತೋರಿಸಿದಾಗ ಏನಾಯ್ತು? ದೇಶಕ್ಕೆ ದೇಶವೇ 'ನಮ್ಮ ಸಂಸ್ಕೃತಿ ಕದ್ದರು' ಅಂತ ಎದೆ ಬಡ್ಕೊಂಡಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಆದರೆ ಆ ಗದ್ದಲದಲ್ಲಿ ಸಮಗಾರ, ಡೋರ ಅನ್ನೋ ಮಾತು ಎಷ್ಟು ಜನರ ಬಾಯಲ್ಲಿ ಬಂತು? ಚಪ್ಪಲಿ 'ನಮ್ಮದು', ಹೊಲಿದವನು 'ಅವನು'!

ನಮ್ಮ ಜೊತೆಗಾರರೂ ಹೊರತಲ್ಲ. 2020ರಲ್ಲಿ ಕೃಷಿ ಕಾಯ್ದೆಗಳ ವಿರುದ್ಧ ರೈತರು ಬೆಂಗಳೂರಿಗೆ ಬಾರುಕೋಲು ಹಿಡಿದು ಬಂದರು. ನಾನೂ ಅವರ ಪರವಾಗಿ ಘೋಷಣೆ ಕೂಗಿದವನೇ, ಈಗಲೂ ಕೂಗ್ತೀನಿ. ಆದರೆ ಭಾಷಣಗಳಲ್ಲಿ ಬಾರುಕೋಲು 'ರೈತನ ಆಯುಧ' ಆಗಿತ್ತು. ಅದನ್ನ ಹೆಣೆದ ಭೂಮಿಯಿಲ್ಲದವನು ಯಾವ ಸಾಲಿನಲ್ಲಿ ನಿಂತಿದ್ದ?

ಇನ್ನು ಗೋವಿನ ಹೆಸರಿನವರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನ ಕಟ್ಟಿ ಹೊಡೆದರು. ಆಗ ಅಲ್ಲಿನ ದಲಿತರು ಸತ್ತ ದನಗಳನ್ನ ತಂದು ಸರ್ಕಾರಿ ಕಚೇರಿ ಮುಂದೆ ಸುರಿದು, ನಿಮ್ಮ ತಾಯಿಯನ್ನ ನೀವೇ ಮಣ್ಣು ಮಾಡಿ, ನಮಗೆ ಭೂಮಿ ಕೊಡಿ ಅಂದರು. ನಮ್ಮ ರಾಜ್ಯದಲ್ಲೂ 2020ರ ಗೋಹತ್ಯೆ ಕಾಯ್ದೆ ಬಂತು, ಮೂರರಿಂದ ಏಳು ವರ್ಷ ಜೈಲು. ಸತ್ತ ಎಮ್ಮೆಯ ಚರ್ಮ ಸೈಕಲ್ಲಿಗೆ ಕಟ್ಕೊಂಡು ಬರೋಕೂ ಚಿಕ್ಕಪ್ಪ ಈಗ ಹೆದರ್ತಾರೆ. ಕಲೆ ಉಳಿಸಿ ಅನ್ನೋರು ಇದರ ಬಗ್ಗೆ ಬಾಯಿ ಬಿಡಲ್ಲ.

ಈಗ ನನ್ನ ಗೆಳೆಯರಿಗೆ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯೋದು ಬಿಡಿ ಅಂದಿದ್ದು ನಿಜ. ಯಾಕೆ ಅಂದರು? ಅದು ಕೆಲಸ ಆಗಿರಲಿಲ್ಲ, ಹುಟ್ಟಿನಿಂದ ಬಿದ್ದ ಶಿಕ್ಷೆ ಆಗಿತ್ತು. ಜಾತಿ ಅನ್ನೋದು ಬರೀ ಕೆಲಸದ ವಿಭಜನೆ ಅಲ್ಲ, ಕೆಲಸ ಮಾಡೋರನ್ನೇ ಒಡೆದು ಮೇಲೆ ಕೆಳಗೆ ಮಾಡೋದು ಅಂತ 1936ರಲ್ಲಿ ಬರೆದರು. ಬಲವಂತವಾಗಿ ಸತ್ತ ದನ ಎತ್ತಿಸೋದು, ಸುಲಿಸೋದು ಅಸ್ಪೃಶ್ಯತೆ ಆಚರಣೆಯೇ ಅಂತ 1976ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಗೇ ಸೇರಿಸಿದರು. ಬಿಡಬೇಕಾದ್ದು ಆ ಬಲವಂತವನ್ನ, ಬಿಟ್ಟಿಯನ್ನ, ಕೈಚಾಚೋದನ್ನ. ತಾತನ ಹೆಬ್ಬೆರಳಿನ ಬುದ್ಧಿಯನ್ನಲ್ಲ. ಅದನ್ನೂ ಕೊಳಕು ಅಂತ ನಾವೇ ಅಂದರೆ, ಅವರ ಮಾತನ್ನ ನಾವು ಒಪ್ಪಿದಂಗಾಯ್ತು.

ನಾನು ಹೇಳೋದು ಮೂರೇ. ನಮ್ಮ ಯಾವ ಮಗುವಿಗೂ 'ನಿಮ್ಮ ಕಸುಬು ಕಲಿ' ಅನ್ನಬಾರದು, ಅದರ ಕೈಗೆ ಮೊದಲು ಪುಸ್ತಕ. ಕಲಿಸೋ ಹಿರಿಯರನ್ನ ಚಾಪೆ ಮೇಲಲ್ಲ, ಮೇಷ್ಟ್ರ ಕುರ್ಚಿ ಮೇಲೆ ಕೂರಿಸಿ ಮೇಷ್ಟ್ರ ಸಂಬಳ ಕೊಡಬೇಕು. ಪೋಸ್ಟರಿನಲ್ಲಿ ಅವರ ಹೆಸರು, ಅವರ ಕೇರಿಯ ಹೆಸರು ಇರಬೇಕು.

ಫೋಟೊ ನೋಡಿ ಊರಿನ ದೊಡ್ಡಮನೆ ಹುಡುಗನೂ ಮೆಸೇಜ್ ಮಾಡಿದ್ದ. "ಕಾರಹುಣ್ಣಿಮೆಗೆ ನಮ್ಮ ಎತ್ತಿಗೊಂದು ಕಳಿಸಿಕೊಡಿ ಸಾರ್, ಹಿಂದಿನಿಂದ ನಿಮ್ಮ ಮನೆಯದೇ ಅಲ್ವಾ" ಅಂತ. ನಾಲ್ಕು ದಿನದ ಕೂಲಿ, ಚರ್ಮದ ದುಡ್ಡು ಸೇರಿಸಿ ಬಿಲ್ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಆ ಬಾರುಕೋಲು ನಮ್ಮನೆ ಗೋಡೆ ಮೇಲೆ ತಾತನ ಫೋಟೊ ಪಕ್ಕ ನೇತಾಡ್ತಿದೆ. ಅದು ಯಾರ ಬೆನ್ನಿಗೂ ಅಲ್ಲ.

ಜೈಭೀಮ್.