ಮ್ಯಾನ್‌ಹೋಲ್ ಹೆಸರು ಬದಲಾದರೆ ಸಾಲದು

2023ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅವರು ಊರುಗಳೆಲ್ಲ ‘ಮ್ಯಾನ್‌ಹೋಲ್’ನಿಂದ ‘ಮಷಿನ್‌ಹೋಲ್’ಗೆ ಹೋಗಬೇಕು ಎಂದರು. ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೆ ಈ ಪದ ಹಿಡಿಸಿತು. ಆದರೆ ಹೂಳೆತ್ತುವ ಯಂತ್ರ ಬಂದ ಮಾತ್ರಕ್ಕೆ ಕೊಳವೆ ಕುಸಿಯುವುದು ನಿಲ್ಲುವುದಿಲ್ಲ. ಕುಸಿದ ದಿನದ ಗಡಿಬಿಡಿಯಲ್ಲೇ, 2013ರ ಕಾಯ್ದೆ ಏನೇ ಹೇಳಲಿ, ಯಾರನ್ನಾದರೂ ಕೆಳಗಿಳಿಸುವ ಯೋಚನೆ ಬರುವುದು.

ಒಳಚರಂಡಿಯ ಕಾಂಕ್ರೀಟ್ ಕೊಳವೆ ಸವೆಯುವುದು ಹೆಚ್ಚಾಗಿ ನೆತ್ತಿಯಲ್ಲಿ. ಕೊಳಚೆಯಿಂದ ಮೇಲೇಳುವ ಹೈಡ್ರೋಜನ್ ಸಲ್ಫೈಡನ್ನು ಅಲ್ಲಿನ ಬ್ಯಾಕ್ಟೀರಿಯಾ ಗಂಧಕಾಮ್ಲವಾಗಿಸುತ್ತವೆ, ಆ ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಒಳಗೆ ಬಿಡುವ ಕ್ಯಾಮೆರಾ ಬಿರುಕನ್ನು ತೋರಿಸೀತು. ಗೋಡೆ ಎಷ್ಟು ದಪ್ಪ ಉಳಿದಿದೆ, ಅದರ ಹಿಂದೆ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿದೆಯೇ ಎಂದು ಹೇಳಲಾರದು. ಅದನ್ನು ಹೇಳುವುದು ರೇಡಾರ್. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟಿನ ಆಚೆ ಅಂಚಿಗೆ ತಾಗಿ ಅಲೆ ಮರಳಲು ಸುಮಾರು ಎರಡು ನ್ಯಾನೋಸೆಕೆಂಡು ಸಾಕು. ಗೋಡೆ ತೆಳುವಾದಷ್ಟೂ ಪ್ರತಿಧ್ವನಿ ಬೇಗ ಬರುತ್ತದೆ.

ಇದನ್ನು ರಸ್ತೆಯ ಮೇಲಿಂದಲೇ ಮಾಡಬಹುದಲ್ಲ ಎಂದರೆ, ಎಲ್ಲ ಕಡೆ ಆಗದು. ಮುಲುಂಡನ್ನೇ ನೋಡಿ. ರೈಲು ಹಳಿಯ ಪಶ್ಚಿಮಕ್ಕೆ ಹೋದರೆ ಗುಡ್ಡ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ; ಪೂರ್ವಕ್ಕೆ ಹೋದರೆ ಉಪ್ಪಿನಾಗರ, ಠಾಣೆ ಖಾರಿ. ಉಪ್ಪುನೀರು ಕುಡಿದ ಜೇಡಿಮಣ್ಣು ರೇಡಾರಿನ ಅಲೆಯನ್ನು ನುಂಗಿಬಿಡುತ್ತದೆ. ಖಾರಿಯ ಕಡೆಗೆ ಹೋದಂತೆ ಮೇಲಿಂದ ತಳ್ಳಿಕೊಂಡು ಹೋಗುವ ಗಾಡಿಯನ್ನು ನಂಬುವುದು ಕಷ್ಟ. ರೋಬೋಟಿನ ಕೈಗೆ ಆಂಟೆನಾ ಕಟ್ಟಿ, ಕೊಳವೆಯೊಳಗಿಂದಲೇ ಗೋಡೆಗೆ ತಾಗಿಸಿ ಓದಬೇಕು. ಹರಿಯುವ ಕೊಳಚೆಯ ಕೆಳಗಿನ ಭಾಗ ಆಗಲೂ ಸಿಗದು. ಅಡ್ಡಿಯಿಲ್ಲ, ರೋಗ ಇರುವುದು ನೆತ್ತಿಯಲ್ಲಿ.

ದುಬಾರಿ ಎನ್ನುತ್ತಾರೆ. ಕ್ಯಾಮೆರಾಗಿಂತ ದುಬಾರಿಯೇ, ನಿಧಾನವೂ ಹೌದು. ಹಾಗಾಗಿ ಗಲ್ಲಿಗಲ್ಲಿಗೂ ಬೇಡ. ಭಾಂಡುಪ್‌ನ ಶುದ್ಧೀಕರಣ ಘಟಕದತ್ತ ಕೊಳಚೆ ಒಯ್ಯುವ ದೊಡ್ಡ ಕಾಂಕ್ರೀಟ್ ಕೊಳವೆಗಳಿಗೆ ಮಾಡಲಿ, ಅದೂ ಕ್ಯಾಮೆರಾ ಅನುಮಾನ ತೋರಿಸಿದ ಕಡೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಖರ್ಚಿನ ಲೆಕ್ಕ ಹಾಕುವವರು ಇದನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ.

ಪಾಲಿಕೆಯ ಟಿ ವಾರ್ಡ್, ಅಂದರೆ ಮುಲುಂಡ್, ಮಳೆಗಾಲಕ್ಕೆ ಮುಂಚೆ ನಾಲೆಯಿಂದ ತೆಗೆದ ಹೂಳನ್ನು ಟನ್ನುಗಳಲ್ಲಿ ಹೇಳಿದರೆ ನನಗೆ ಸಾಲದು. ಯಾವ ರಸ್ತೆಯ ಕೆಳಗೆ ಎಷ್ಟು ಸೆಂಟಿಮೀಟರ್ ಗೋಡೆ ಉಳಿದಿದೆ ಎಂದು ಅಳೆಸುವ ಷರತ್ತು ಟೆಂಡರಿನಲ್ಲಿರಲಿ, ಬಂದ ಅಂಕಿಗಳು ವಾರ್ಡ್ ಕಚೇರಿಯ ಗೋಡೆಯ ಮೇಲೆ ಮರಾಠಿಯಲ್ಲಿ ಕಾಣಲಿ.