ಶೀಟಿನ ಲೆಕ್ಕ ಡೇಟಾಬೇಸಿಗೆ ಹೋಗುವ ಮುನ್ನ



ಅಂಕಲಿ, ರಾಯಬಾಗ, ಅಥಣಿ ಭಾಗದ ಎಷ್ಟೋ ಸಂಘಗಳ ಲೆಕ್ಕ ಈಗ ಬರಿಯ ಕಿರ್ದಿ-ಖತಾವಣಿಯಲ್ಲಿ ಉಳಿದಿಲ್ಲ. ಏತ ನೀರಾವರಿ ಸಂಘವಿರಲಿ, ರೈತ ಉತ್ಪಾದಕ ಕಂಪನಿಯಿರಲಿ, ಸದಸ್ಯರ ಹೆಸರು, ಸರ್ವೆ ನಂಬರು, ಕಬ್ಬಿನ ಎಕರೆ, ಬ್ಯಾಂಕ್ ಖಾತೆ ಇವನ್ನೆಲ್ಲ ಕಲಿತ ಹುಡುಗನೊಬ್ಬ ಆನ್‌ಲೈನ್ ಶೀಟಿನಲ್ಲಿ ಬರೆದಿಡುತ್ತಾನೆ. ಖರ್ಚಿಲ್ಲ, ನಾಲ್ಕು ಜನ ಮೊಬೈಲಿನಲ್ಲೇ ನೋಡಬಹುದು. ಸದಸ್ಯರು ಕಡಿಮೆಯಿರುವ ತನಕ ಇದು ಸಾಕು. ಸದಸ್ಯರು ಹೆಚ್ಚಿ, ಗೊಬ್ಬರ, ಸಾಲ, ಕಬ್ಬಿನ ಬಿಲ್ಲು ಒಂದಕ್ಕೊಂದು ತಳಕು ಹಾಕಿಕೊಂಡಾಗ ಡೇಟಾಬೇಸಿಗೆ ಹೋಗಲೇಬೇಕು. ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಆದುದರಿಂದ ಈ ಮಾತು ನಿಮ್ಮ ಸೊಸೈಟಿಯ ಬಾಗಿಲಿಗೂ ಬರುವಂಥದೇ.

ಶೀಟೆಂದರೆ ಒಂದೇ ಉದ್ದನೆಯ ಹಾಳೆ. ಮೂರು ಕಡೆ ಹೊಲವಿದ್ದ ರೈತನ ಹೆಸರು ಮೂರು ಸಾಲಿನಲ್ಲಿ ಬರುತ್ತದೆ. ಒಂದರಲ್ಲಿ ಬಾಳಪ್ಪ, ಇನ್ನೊಂದರಲ್ಲಿ ಬಾಳು, ಮತ್ತೊಂದರಲ್ಲಿ ಬಾಳಾಸಾಹೇಬ. ನಮಗೆ ಒಬ್ಬನೇ, ಯಂತ್ರಕ್ಕೆ ಮೂವರು. ಡೇಟಾಬೇಸಿನಲ್ಲಿ ರೈತರ ದಫ್ತರ ಬೇರೆ, ಹೊಲಗಳ ದಫ್ತರ ಬೇರೆ, ವ್ಯವಹಾರದ ದಫ್ತರ ಬೇರೆ; ಸದಸ್ಯನ ಸಂಖ್ಯೆಯೇ ಇವನ್ನು ಬಿಗಿಯುವ ಹಗ್ಗ. ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬವರು ಈ ಪದ್ಧತಿಯನ್ನು 1970ರಲ್ಲಿ ಮಂಡಿಸಿದರು. ನಮ್ಮ ‘ಫ್ರೂಟ್ಸ್’ ತಂತ್ರಾಂಶದ ಎಫ್.ಐ.ಡಿ. ಸಂಖ್ಯೆಯ ಹಿಂದಿರುವುದೂ ಇದೇ: ರೈತನಿಗೊಂದು ಸಂಖ್ಯೆ, ಅದಕ್ಕೆ ಅವನ ಸರ್ವೆ ನಂಬರುಗಳ ಜೋಡಣೆ. 2023ರ ಬರಪರಿಹಾರಕ್ಕೆ ಈ ಜೋಡಣೆಯನ್ನೇ ಆಧಾರವಾಗಿ ಹಿಡಿದದ್ದು ನಿಮಗೆ ನೆನಪಿರಬೇಕು.

ಹಗ್ಗ ಗಟ್ಟಿಯಿದ್ದರೂ ಕಟ್ಟುವ ಸರಕು ಕೆಟ್ಟಿದ್ದರೆ ಪ್ರಯೋಜನವಿಲ್ಲ. ಶೀಟಿನಲ್ಲಿ 12/3 ಎಂದು ಸರ್ವೆ ನಂಬರು ಬರೆದರೆ ಅದು ತಾನಾಗಿಯೇ ತಾರೀಖಾಗಿಬಿಡುತ್ತದೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಮಾಯವಾಗುತ್ತದೆ. 15 ಅಂಕಿ ದಾಟಿದ ಖಾತೆಯ ಕಡೆಯ ಅಂಕಿ ಸೊನ್ನೆಯಾಗಬಹುದು. ಹಾಗಾದರೆ ನಿಮ್ಮ ಬಿಲ್ಲಿನ ಹಣ ಎಲ್ಲಿಗೆ ಹೋಗಬೇಕು? ಇಂಥ ಕಾಲಮ್ಮುಗಳನ್ನು ಮೊದಲೇ ‘ಅಕ್ಷರ’ ಎಂದು ಗೊತ್ತುಮಾಡಬೇಕು. ಈಗಾಗಲೇ ಕೆಟ್ಟದ್ದನ್ನು ಉತಾರ, ಪಾಸ್‌ಬುಕ್ ನೋಡಿಯೇ ಪುನಃ ಬರೆಯಬೇಕು, ಬೇರೆ ಉಪಾಯವಿಲ್ಲ.

ಎಲ್ಲಕ್ಕಿಂತ ಮೋಸದ್ದು ಎಕರೆ-ಗುಂಟೆ. 2 ಎಕರೆ 10 ಗುಂಟೆಯನ್ನು 2.10 ಎಂದು ಬರೆಯುವುದು ನಮ್ಮ ರೂಢಿ. ಯಂತ್ರ ಅದನ್ನು 2.1 ಮಾಡುತ್ತದೆ, ನೋಡಿದವರು 2 ಎಕರೆ 1 ಗುಂಟೆ ಎಂದು ಓದುತ್ತಾರೆ. 1.30ಕ್ಕೆ 1.20 ಕೂಡಿಸಿದರೆ ಯಂತ್ರದ ಉತ್ತರ 2.50. ಗುಂಟೆ 40ಕ್ಕೆ ಎಕರೆಯಾಗುವುದರಿಂದ ನಿಜವಾದ ಉತ್ತರ 3 ಎಕರೆ 10 ಗುಂಟೆ. ಎಕರೆಗೊಂದು, ಗುಂಟೆಗೊಂದು ಕಾಲಮ್ಮು ಇಟ್ಟರೆ ಈ ಪೀಡೆ ತಪ್ಪುತ್ತದೆ. ಊರಿನ ಹೆಸರನ್ನೂ ನಂಬಬಾರದು. ನಮ್ಮ ಅಂಕಲಿ ಒಂದಾದರೆ, ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನಲ್ಲಿ ಇನ್ನೊಂದು ಅಂಕಲಿಯಿದೆ. ಗ್ರಾಮದ ಸಂಕೇತ ಸಂಖ್ಯೆಯನ್ನೂ ಬರೆಯಬೇಕು.

ಸಾಗಿಸುವ ರೀತಿಗೆ ‘ಭೂಮಿ’ ಯೋಜನೆಯ ಪಾಠ ನಮ್ಮೆದುರಿಗಿದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ, ಮುದ್ರಿಸಿದ ಪ್ರತಿಗಳನ್ನು ತಲಾಟಿಗಳು ಕೈಬರಹದ ಪುಸ್ತಕದೊಡನೆ ತಾಳೆ ನೋಡಿದರು. ಕೈಬರಹದ ಪಹಣಿ ರದ್ದಾದದ್ದು ಆಮೇಲೆ. ಸಂಘಗಳಲ್ಲಿ ಈ ತಾಳ್ಮೆ ಕಾಣುವುದಿಲ್ಲ. ಸಾಫ್ಟ್‌ವೇರಿಗೆ ಹಣ ಕೊಟ್ಟ ಮರುದಿನವೇ ಹಳೆಯದನ್ನು ಅಳಿಸುವ ಆತುರ. ಪಟ್ಟಿಯನ್ನು ಮುದ್ರಿಸಿ ಚಾವಡಿಯಲ್ಲಿ ಓದಿಸದೆ ಯಾವ ಆಡಳಿತ ಮಂಡಳಿಯೂ ಲೆಕ್ಕವನ್ನು ಸಾಗಿಸಕೂಡದು. ಸಾಗಿಸಿದ ಮೇಲೆ ಸದಸ್ಯರ ಸಂಖ್ಯೆ, ಷೇರು ಹಣದ ಮೊತ್ತ, ಸಾಲದ ಬಾಕಿ ಎರಡೂ ಕಡೆ ಪೈಸೆಗೆ ಪೈಸೆ ಸರಿಹೊಂದಬೇಕು. ಹಳೆಯ ಶೀಟನ್ನು ಯಾರೂ ತಿದ್ದದಂತೆ ಬೀಗ ಹಾಕಿ ಒಂದು ಹಂಗಾಮಾದರೂ ಇಟ್ಟುಕೊಳ್ಳಬೇಕು.

ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಉತಾರ, ಪಾಸ್‌ಬುಕ್, ಎಫ್.ಐ.ಡಿ. ಸಂಖ್ಯೆ ಹಿಡಿದು ಸಂಘದ ಸೆಕ್ರೆಟರಿಯವರ ಹತ್ತಿರ ಹೋಗಿ, ನಿಮ್ಮ ಸಾಲನ್ನು ತೋರಿಸಿರೆಂದು ಕೇಳಿರಿ. ಎಫ್.ಐ.ಡಿ.ಗೆ ಯಾವುದಾದರೂ ಹೊಲ ಜೋಡಣೆಯಾಗಿಲ್ಲದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು.